ಹಿಮ್ಮುರಿ ತಿರುವಿನಲ್ಲಿ ಭಾರದ ಮೋಟಾರ್‌ಸೈಕಲ್: ಗುರುತ್ವಕೇಂದ್ರದ ಎತ್ತರ ಕುರಿತು ಒಂದು ಮರುಪರಿಶೀಲನೆ

ದೂರಪ್ರಯಾಣಕ್ಕೆಂದು ತಯಾರಾಗುವ ಭಾರದ ಮೋಟಾರ್‌ಸೈಕಲ್‌ಗಳ ವಿಷಯದಲ್ಲಿ ಸವಾರರಲ್ಲೂ ಮಾರಾಟಗಾರರಲ್ಲೂ ಬೇರೂರಿರುವ ನಂಬಿಕೆಯೊಂದಿದೆ: ಗಾಡಿಯ ಗುರುತ್ವಕೇಂದ್ರ, ಅಂದರೆ ಗಾಡಿ ಮತ್ತು ಸವಾರನ ಒಟ್ಟು ತೂಕವೆಲ್ಲ ಒಂದೆಡೆ ನೆಲೆಸಿದಂತೆ ಭಾವಿಸಬಹುದಾದ ಬಿಂದು, ನೆಲಕ್ಕೆ ಹತ್ತಿರವಾದಷ್ಟೂ ಘಾಟಿಯ ತಿರುವುಗಳಲ್ಲಿ ಸವಾರಿ ಹಗುರಾಗುತ್ತದೆ ಎಂಬುದು. ನಿಂತ ಗಾಡಿಯ ಮಟ್ಟಿಗೆ ನಿರ್ವಿವಾದವಾದ ಈ ಮಾತನ್ನು ವಾಲಿದ ಗಾಡಿಗೂ ಅನ್ವಯಿಸಬಹುದೇ ಎಂಬುದು ಪ್ರಸ್ತುತ ಲೇಖನದ ವಿಚಾರ.

ದ್ವಿಚಕ್ರ ವಾಹನದ ಚಲನಶಾಸ್ತ್ರಕ್ಕೆ ಒಂದೂವರೆ ಶತಮಾನದ ಇತಿಹಾಸವಿದೆ. ಬಲಕ್ಕೆ ತಿರುಗಬೇಕಾದವನು ಕ್ಷಣಕಾಲ ಹ್ಯಾಂಡಲನ್ನು ಎಡಕ್ಕೆ ಒತ್ತುತ್ತಾನೆಂಬುದನ್ನು ರ‍್ಯಾಂಕಿನ್ 1869ರಲ್ಲೇ ವಿವರಿಸಿದ್ದರು. 1899ರಲ್ಲಿ ವಿಪಲ್ ಗಣಿತದ ಸಮೀಕರಣಗಳನ್ನು ಕೊಟ್ಟರು. ತಿರುಗುವ ಗಾಲಿಯ ಬುಗುರಿಗುಣವೇ ಸ್ಥಿರತೆಯ ಮೂಲವೆಂಬ ವಾದವನ್ನು 1970ರಲ್ಲಿ ಡೇವಿಡ್ ಜೋನ್ಸ್ ಅಲುಗಾಡಿಸಿದರು. ಮರುವರ್ಷ ರಾಬಿನ್ ಶಾರ್ಪ್ ಮೋಟಾರ್‌ಸೈಕಲ್‌ನ ಅಸ್ಥಿರತೆಯನ್ನು ಮೂರು ಬಗೆಯಾಗಿ ವಿಂಗಡಿಸಿದರು: ನಿಧಾನವಾಗಿ ಒಂದು ಬದಿಗೆ ಉರುಳುವುದು, ಇಡೀ ಗಾಡಿ ಹಾವಿನಂತೆ ತೊನೆಯುವುದು, ಹ್ಯಾಂಡಲ್ ಮಾತ್ರ ವೇಗವಾಗಿ ನಡುಗುವುದು. ಗಾಲಿಗಳ ನಡುವಿನ ಅಂತರ ಹೆಚ್ಚಿದ್ದರೆ ಗಾಡಿ ಸ್ಥಿರವೆಂಬ ಮಾತಿಗೆ ಹೆದ್ದಾರಿಯ ವೇಗದಲ್ಲಿ ಅರ್ಥವಿದೆ. ದಂಡಿಗನಹಳ್ಳಿ ಹೋಬಳಿಯ ಸವಾರನಿಗೆ ಚನ್ನರಾಯಪಟ್ಟಣದಿಂದ ಹಾಸನದವರೆಗಿನ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಅದೇ ಗುಣ ವರವಾಗುತ್ತದೆ. ಸಕಲೇಶಪುರ ದಾಟಿ ಶಿರಾಡಿ ಘಾಟಿಗೆ ಇಳಿದಾಗ, ಅದಕ್ಕಿಂತ ಹೆಚ್ಚಾಗಿ ಹದಿನಾಲ್ಕು ಹಿಮ್ಮುರಿ ತಿರುವುಗಳಿರುವ ಆಗುಂಬೆಯಲ್ಲಿ, ಲೆಕ್ಕಾಚಾರ ಬದಲಾಗುತ್ತದೆ. ಅಲ್ಲಿನ ವೇಗಕ್ಕೆ ಗಾಡಿ ತಾನಾಗಿ ಸ್ಥಿರವಾಗಿರುವುದಿಲ್ಲ, ಅದನ್ನು ನಿಲ್ಲಿಸಿಕೊಳ್ಳುವ ಕೆಲಸ ಸವಾರನ ಪಾಲಿಗೆ ಬರುತ್ತದೆ.

ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಬೆಟ್ಟದ ರಸ್ತೆಗಳ ಮಾನದಂಡವು ಹಿಮ್ಮುರಿ ತಿರುವಿಗೆ ಕನಿಷ್ಠ 14 ಮೀಟರ್ ಒಳತ್ರಿಜ್ಯ, ಗಂಟೆಗೆ 20 ಕಿ.ಮೀ. ವಿನ್ಯಾಸವೇಗ ಮತ್ತು ಹತ್ತರಲ್ಲೊಂದರಷ್ಟು ಓರೆಯನ್ನು, ಅಂದರೆ ರಸ್ತೆಯ ಹೊರಅಂಚನ್ನು ಒಳಅಂಚಿಗಿಂತ ಎತ್ತರಿಸುವುದನ್ನು, ಸೂಚಿಸುತ್ತದೆ. ತಿರುವಿನಲ್ಲಿ ಬೇಕಾಗುವ ಆದರ್ಶ ವಾಲುಕೋನವು ವೇಗದ ವರ್ಗವನ್ನು ತ್ರಿಜ್ಯ ಹಾಗೂ ಗುರುತ್ವವೇಗೋತ್ಕರ್ಷಗಳ ಗುಣಲಬ್ಧದಿಂದ ಭಾಗಿಸಿದಾಗ ಸಿಗುವ ಸಂಖ್ಯೆಯನ್ನು ಅವಲಂಬಿಸಿದ್ದು, ಇದರಲ್ಲಿ ಗಾಡಿಯ ತೂಕಕ್ಕೆ ಸ್ಥಾನವೇ ಇಲ್ಲ. 195 ಕಿಲೋ ತೂಗುವ ಕ್ಲಾಸಿಕ್ 350 ಆಗಲಿ, 241 ಕಿಲೋದ ಸೂಪರ್ ಮೀಟಿಯರ್ 650 ಆಗಲಿ, 14 ಮೀಟರ್ ತ್ರಿಜ್ಯದಲ್ಲಿ 20 ಕಿ.ಮೀ. ವೇಗಕ್ಕೆ ಸುಮಾರು 12.7 ಡಿಗ್ರಿ, 30 ಕಿ.ಮೀ. ವೇಗಕ್ಕೆ ಸುಮಾರು 26.8 ಡಿಗ್ರಿ ವಾಲಬೇಕು. ವೇಗ ಒಂದೂವರೆ ಪಟ್ಟಾದರೆ ವಾಲು ಎರಡು ಪಟ್ಟಿಗೂ ಮೀರುತ್ತದೆ.

ಆದರೆ ಈ ಲೆಕ್ಕ ಟೈರಿಗೆ ದಪ್ಪವೇ ಇಲ್ಲವೆಂದು ಭಾವಿಸುತ್ತದೆ. ದಪ್ಪ ಟೈರಿನ ಗಾಡಿ ವಾಲಿದಾಗ ನೆಲಕ್ಕೆ ತಾಗುವ ಜಾಗ ನಡುಗೆರೆಯಿಂದ ತಿರುವಿನ ಒಳಬದಿಗೆ ಸರಿಯುವುದರಿಂದ, ಸಮತೋಲಕ್ಕೆ ಗಾಡಿ ಇನ್ನಷ್ಟು ವಾಲಬೇಕಾಗುತ್ತದೆ. ವಿತ್ತೋರೆ ಕೊಸ್ಸಾಲ್ತೆರ್ ಅವರ ಗ್ರಂಥದಲ್ಲಿ ವಿಶದವಾಗಿರುವ ಈ ಹೆಚ್ಚುವರಿ ಕೋನವು ಟೈರಿನ ದಪ್ಪ ಹೆಚ್ಚಿದಂತೆ ಹೆಚ್ಚುತ್ತದೆ, ಗುರುತ್ವಕೇಂದ್ರ ಮೇಲೇರಿದಂತೆ ಕಡಿಮೆಯಾಗುತ್ತದೆ. ಎರಡು ಕಲ್ಪಿತ ಗಾಡಿಗಳನ್ನು ತೆಗೆದುಕೊಳ್ಳಬಹುದು: ಎರಡಕ್ಕೂ 9 ಸೆಂ.ಮೀ. ಅಡ್ಡಕೊಯ್ತ ತ್ರಿಜ್ಯದ ಟೈರು, ಒಂದರ ಗುರುತ್ವಕೇಂದ್ರ 50 ಸೆಂ.ಮೀ. ಎತ್ತರದಲ್ಲಿ, ಇನ್ನೊಂದರದು 65ರಲ್ಲಿ. ಅದೇ 14 ಮೀಟರ್ ತ್ರಿಜ್ಯದ, ಓರೆಯಿಲ್ಲದ ಸಮತಟ್ಟಾದ ತಿರುವಿನಲ್ಲಿ 30 ಕಿ.ಮೀ. ವೇಗಕ್ಕೆ ಮೊದಲನೆಯದು ಸುಮಾರು 32.5 ಡಿಗ್ರಿ, ಎರಡನೆಯದು ಸುಮಾರು 31 ಡಿಗ್ರಿ ವಾಲಬೇಕಾಗುತ್ತದೆ. ಒಂದೂವರೆ ಡಿಗ್ರಿಯ ಈ ಅಂತರ ಕ್ಷುಲ್ಲಕವೆನಿಸಬಹುದು. ಆದರೆ ಫುಟ್‌ಬೋರ್ಡ್ ಇರುವ ತಗ್ಗಿನ ಕ್ರೂಸರುಗಳು 30 ಡಿಗ್ರಿಯ ಆಸುಪಾಸಿನಲ್ಲೇ ನೆಲ ಸವರತೊಡಗುತ್ತವೆ. ಹೆಚ್ಚು ವಾಲಬೇಕಾದ ಗಾಡಿಗೇ ವಾಲಲು ಎಡೆ ಕಡಿಮೆ. ಆದ್ದರಿಂದ ಬಿಗಿಯಾದ ಹಿಮ್ಮುರಿ ತಿರುವಿನಲ್ಲಿ ತಗ್ಗಿನ ಗುರುತ್ವಕೇಂದ್ರವು ಅನುಕೂಲಕ್ಕಿಂತ ಹೆಚ್ಚಾಗಿ ತೊಡಕಾಗಬಹುದು ಎಂಬುದು ಈ ಲೇಖನದ ಮುಖ್ಯ ಪ್ರತಿಪಾದನೆ.

ಈ ಪ್ರತಿಪಾದನೆಗೆ ಕೆಲವು ಮಿತಿಗಳನ್ನು ಹೇಳಲೇಬೇಕು. ಮೊದಲನೆಯದಾಗಿ, ಮಾನದಂಡದಷ್ಟು ಓರೆ ನಿಜಕ್ಕೂ ಇರುವ ತಿರುವಿನಲ್ಲಿ ರಸ್ತೆಮೈಗೆ ಸಾಪೇಕ್ಷವಾದ ವಾಲು ತಗ್ಗಿನ ಗಾಡಿಗೂ 26 ಡಿಗ್ರಿಯೊಳಗೇ ಉಳಿಯುವುದರಿಂದ, ಮೇಲಿನ ತೊಡಕು ಬಹುಪಾಲು ಕರಗಿಹೋಗುತ್ತದೆ. ಹಳೆಯ ಘಾಟಿರಸ್ತೆಗಳ ಪ್ರತಿ ತಿರುವೂ ಅದೇ ಅಳತೆಯಲ್ಲಿದೆಯೆಂದು ಊಹಿಸುವುದೂ ಸಾಧುವಲ್ಲ. ಎರಡನೆಯದಾಗಿ, ಸವಾರನು ಮೈಯನ್ನು ಒಳಕ್ಕೆ ಸರಿಸಿ ಗಾಡಿಯ ವಾಲನ್ನು ತಗ್ಗಿಸಬಲ್ಲನು, ಲಗೇಜಿನ ಪೆಟ್ಟಿಗೆಗಳ ನಡುವೆ ಕುಳಿತವನಿಗೆ ಆ ಸ್ವಾತಂತ್ರ್ಯ ಕಡಿಮೆಯೆಂಬುದು ಬೇರೆ ಮಾತು. ಮೂರನೆಯದಾಗಿ, ಇಳಿಜಾರಿನಲ್ಲಿ ಬ್ರೇಕ್ ಹಿಡಿದಾಗ ಹಿಂಗಾಲಿಯಿಂದ ಮುಂಗಾಲಿಗೆ ವರ್ಗವಾಗುವ ಹೊರೆಯು ಗುರುತ್ವಕೇಂದ್ರದ ಎತ್ತರವನ್ನು ಗಾಲಿಗಳ ಅಂತರದಿಂದ ಭಾಗಿಸಿದ ಪ್ರಮಾಣವನ್ನು ಅವಲಂಬಿಸುವುದರಿಂದ, ಸುಮಾರು 1.7 ಮೀಟರ್ ಅಂತರದ ಗೋಲ್ಡ್ ವಿಂಗ್‌ನಂಥ ತಗ್ಗಿನ, ಉದ್ದನೆಯ ಗಾಡಿ ಇಳಿಯುವಾಗ ಮೇಲುಗೈ ಪಡೆಯುತ್ತದೆ. ಲಾರಿಯೊಂದು ತಿರುವಿನಲ್ಲೇ ನಿಂತು ಸವಾರನು ಕಾಲೂರಬೇಕಾಗಿ ಬಂದರೂ ತಗ್ಗಿನ ಗಾಡಿಯೇ ಮೇಲು. ಆದರೆ ಕಾಲೂರದೆ ತೆವಳುವ ವೇಗದಲ್ಲಿ ಎತ್ತರದ ಗಾಡಿ ತುಸು ನಿಧಾನವಾಗಿ ಬೀಳತೊಡಗುತ್ತದೆ. ಅಂಗೈ ಮೇಲೆ ಉದ್ದ ಕೋಲನ್ನು ನಿಲ್ಲಿಸುವುದು ಗಿಡ್ಡ ಕೋಲಿಗಿಂತ ಸುಲಭವಾಗುವಂತೆ, ತಿದ್ದಿಕೊಳ್ಳಲು ಸವಾರನಿಗೆ ಅಷ್ಟು ಸಮಯ ಹೆಚ್ಚು ಸಿಗುತ್ತದೆ.

ಹಿಂಬದಿಯ ಸೀಟಿನಲ್ಲಿ ಸಹಸವಾರರೊಬ್ಬರು ಕುಳಿತಾಗ ಏನಾಗುತ್ತದೆಂಬುದು ಇನ್ನೂ ತೆರೆದಿರುವ ಪ್ರಶ್ನೆ. ಅವರ ತೂಕದಿಂದ ಗುರುತ್ವಕೇಂದ್ರ ಮೇಲೇರಿ ಹೆಚ್ಚುವರಿ ವಾಲು ಕಡಿಮೆಯಾಗುತ್ತದೆ. ಅದೇ ತೂಕಕ್ಕೆ ಹಿಂದಿನ ಸಸ್ಪೆನ್ಷನ್ ಕುಗ್ಗಿ ಫುಟ್‌ಬೋರ್ಡ್ ನೆಲಕ್ಕೆ ಹತ್ತಿರವಾಗುತ್ತದೆ. ಈ ಎರಡರಲ್ಲಿ ಯಾವುದು ಗೆಲ್ಲುತ್ತದೆಂಬುದು ಸ್ಪ್ರಿಂಗಿನ ಬಿಗಿತವನ್ನು ಹೊರೆಗೆ ತಕ್ಕಂತೆ ಹೊಂದಿಸಲಾಗಿದೆಯೇ ಎಂಬುದರ ಮೇಲೆ ನಿಂತಿರುವಂತೆ ತೋರುತ್ತದೆ. ಆಗುಂಬೆಯ ತಿರುವುಗಳ ತ್ರಿಜ್ಯವನ್ನೂ ಓರೆಯನ್ನೂ ಒಂದೊಂದಾಗಿ ಅಳೆದು, ಹೊರೆಸಹಿತ ಗಾಡಿಯ ಮೇಲೆಯೇ ಪರೀಕ್ಷಿಸಬೇಕಾದ ಸಂಗತಿಯಿದು.