ಕಡ್ಡಿಗೆ ಚುಚ್ಚಿದ ಸಾಸೇಜು, ಕಲ್ಯಾಣದ ಮಂಡಲಿಯ

ಮೈಸೂರಿನ ಈಶಾನ್ಯಕ್ಕೆ, ಉದಯಗಿರಿಯ ಆಸುಪಾಸಿನಲ್ಲಿ ಬೆಳೆದ ಬಡಾವಣೆ ರಾಜೀವನಗರ. ಮುಸ್ಲಿಂ ಕುಟುಂಬಗಳು ಹೆಚ್ಚಾಗಿರುವ ಇಂಥ ಬಡಾವಣೆಗಳಲ್ಲಿ ಮನೆಯ ಔತಣವೆಂದರೆ ಬಿರಿಯಾನಿಯ ದೇಗ್ಚಿಯದೇ ಹಿರಿತನ. ಆದರೆ ದೇಗ್ಚಿಯ ಮುಚ್ಚಳ ತೆಗೆಯುವ ಮುನ್ನ ಅತಿಥಿಗಳ ಕೈಗೆ ಏನಾದರೂ ಬರಬೇಕಲ್ಲ! ಹಿಂದೆ ಆ ಹೊತ್ತಿಗೆ ಸಮೋಸ, ಶಾಮಿ ಕಬಾಬು ಬರುತ್ತಿದ್ದವು. ಈಗ ಅವುಗಳ ಪಕ್ಕದಲ್ಲಿ ಬೆರಳಿನಷ್ಟು ಸಣ್ಣ ಕೋಳಿ ಸಾಸೇಜುಗಳು ಸಿಹಿ-ಖಾರದ ಗೊಜ್ಜಿನಲ್ಲಿ ಹೊರಳಿ, ಹಲ್ಲುಕಡ್ಡಿ ಚುಚ್ಚಿಸಿಕೊಂಡು ಕೂತಿರುವುದು ಅಪರೂಪವಲ್ಲ. ಮಕ್ಕಳು ತಟ್ಟೆ ಖಾಲಿ ಮಾಡುತ್ತಾರೆ. ಹಿರಿಯರು ಒಂದು ಕ್ಷಣ ತಡೆದು ಎರಡು ಪ್ರಶ್ನೆ ಕೇಳುತ್ತಾರೆ: ಇದರೊಳಗೆ ಏನಿದೆ? ಇದು ಎಲ್ಲಿಯ ತಿಂಡಿ?

ಮೊದಲನೆಯದು ನಂಬಿಕೆಯ ಪ್ರಶ್ನೆ, ಎರಡನೆಯದು ಚರಿತ್ರೆಯ ಪ್ರಶ್ನೆ. ಎರಡನೆಯದಕ್ಕೆ ಎಲ್ಲರ ಬಾಯಲ್ಲೂ ಸಿದ್ಧ ಉತ್ತರವಿದೆ: ಇದು ವಿಲಾಯತಿ ತಿಂಡಿ, ನಮ್ಮದಲ್ಲ. ಈ ಉತ್ತರ ಎಷ್ಟು ಸರಿ? ಅದನ್ನು ಪರೀಕ್ಷಿಸಲು ಹೊರದೇಶಕ್ಕೆ ಹೋಗಬೇಕಾಗಿಲ್ಲ. ಬೀದರ್ ಜಿಲ್ಲೆಯ ಬಸವಕಲ್ಯಾಣದವರೆಗೆ ಹೋದರೆ ಸಾಕು.

ಭೂಲೋಕಮಲ್ಲನ ಊಟದ ಅಧ್ಯಾಯ

ಇಂದಿನ ಬಸವಕಲ್ಯಾಣ 12ನೆಯ ಶತಮಾನದಲ್ಲಿ ಚಾಲುಕ್ಯರ ರಾಜಧಾನಿ ಕಲ್ಯಾಣ. ಅಲ್ಲಿ ಆರನೆಯ ವಿಕ್ರಮಾದಿತ್ಯನ ನಂತರ ಪಟ್ಟವೇರಿದವನು ಅವನ ಮಗ ಮೂರನೆಯ ಸೋಮೇಶ್ವರ. ಭೂಲೋಕಮಲ್ಲ ಎಂಬ ಬಿರುದಿನ ಈ ಅರಸ ಯುದ್ಧಗಳಿಗಿಂತ ಹೆಚ್ಚಾಗಿ ಒಂದು ಗ್ರಂಥದಿಂದ ಹೆಸರಾದವನು. 1130ರ ಆಸುಪಾಸಿನಲ್ಲಿ ಸಂಸ್ಕೃತದಲ್ಲಿ ರಚನೆಯಾದ ಆ ಗ್ರಂಥವೇ 'ಮಾನಸೋಲ್ಲಾಸ'. ಅದರ ಇನ್ನೊಂದು ಹೆಸರು 'ಅಭಿಲಷಿತಾರ್ಥ ಚಿಂತಾಮಣಿ'. ಇಪ್ಪತ್ತು ಇಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳು, ಒಟ್ಟು ನೂರು ಅಧ್ಯಾಯಗಳು. ರಾಜನೀತಿ, ಆನೆಗಳ ಲಕ್ಷಣ, ಚಿತ್ರಕಲೆ, ಸಂಗೀತ, ಆಟ-ಬೇಟೆ ಎಲ್ಲಕ್ಕೂ ಅದರಲ್ಲಿ ಜಾಗವಿದೆ. ಅರಸನ ಉಪಭೋಗಗಳನ್ನು ಹೇಳುವ ಮೂರನೆಯ ವಿಂಶತಿಯಲ್ಲಿ 'ಅನ್ನಭೋಗ' ಎಂಬ ಊಟದ ಭಾಗ ಬರುತ್ತದೆ.

ಮೈಸೂರಿಗೆ ಈ ಗ್ರಂಥ ಅಪರಿಚಿತವಲ್ಲ. ಕೌಟಿಲ್ಯನ ಅರ್ಥಶಾಸ್ತ್ರವನ್ನು 1909ರಲ್ಲಿ ಲೋಕಕ್ಕೆ ಕೊಟ್ಟ ಆರ್. ಶಾಮಶಾಸ್ತ್ರಿಗಳೇ 1926ರಲ್ಲಿ ಅಭಿಲಷಿತಾರ್ಥ ಚಿಂತಾಮಣಿಯ ಮೊದಲ ಭಾಗವನ್ನು ಮೈಸೂರಿನಿಂದ ಸಂಪಾದಿಸಿ ಹೊರತಂದರು. ಬರೋಡದಿಂದಲೂ ಜಿ.ಕೆ. ಶ್ರೀಗೊಂಡೇಕರರ ಸಂಪಾದನೆಯಲ್ಲಿ 1925ರಿಂದ ಅದರ ಸಂಪುಟಗಳು ಪ್ರಕಟವಾದವು.

ಅನ್ನಭೋಗವನ್ನು ಓದುವವರು ಸಾಮಾನ್ಯವಾಗಿ ಇಡ್ಲಿಯನ್ನು ಹುಡುಕುತ್ತಾರೆ. ಇಡ್ಡರಿಕಾ, ದೋಸಕ, ವಟಿಕಾ ಎಂದು ಇಡ್ಲಿ, ದೋಸೆ, ವಡೆಗಳ ಹಿರಿಯರು ಅಲ್ಲಿ ಸಿಗುವುದೂ ನಿಜ. ಆದರೆ ಅದೇ ಪುಟಗಳಲ್ಲಿ ಮಾಂಸದ ಅಡುಗೆಗಳೂ ಅಷ್ಟೇ ವಿಸ್ತಾರವಾಗಿವೆ. ಶೂಲಕ್ಕೆ ಚುಚ್ಚಿ ಸುಡುವ 'ಭಡಿತ್ರಕ' ಇಂದಿನ ಕಬಾಬಿನ ಹತ್ತಿರದ ನೆಂಟ. ಯಕೃತ್ತನ್ನು ಅಡಿಕೆಯ ಗಾತ್ರಕ್ಕೆ ಹೆಚ್ಚಿ, ಕೆಂಡದಲ್ಲಿ ಸುಟ್ಟು, ಮೊಸರಿಗೋ ಸಾಸಿವೆಯ ರಸಕ್ಕೋ ಹಾಕುವ ಕ್ರಮವಿದೆ. ಅಡಿಕೆ ಗಾತ್ರವೆಂದರೆ ಒಂದೇ ತುತ್ತು. ಇಂದಿನ ಔತಣದ ತಟ್ಟೆಯಲ್ಲಿರುವುದೂ ಅದೇ ಅಳತೆ. ಇವುಗಳ ಜೊತೆಗೆ ಬರುವ ಹೆಸರು 'ಮಂಡಲಿಯ'. ಪ್ರಾಣಿಯ ಕರುಳನ್ನು ಚೆನ್ನಾಗಿ ತೊಳೆದು, ಅದರೊಳಗೆ ಮಸಾಲೆ ಬೆರೆಸಿದ ಮೂಳೆಯ ಮಜ್ಜೆಯನ್ನು ತುಂಬಿ, ಕೆಂಡದ ಮೇಲೆ ಸುಡುವ ತಿನಿಸು ಇದು.

ಕರುಳಿನ ಚೀಲ, ಒಳಗೆ ಮಸಾಲೆಯ ಹೂರಣ, ಕೆಳಗೆ ಬೆಂಕಿ. ಸಾಸೇಜು ಎಂದರೆ ಇಷ್ಟೇ. ಲಂಡನ್ನಿನ ಕಸಾಯಿಗಳ ಹೆಸರನ್ನು ಕನ್ನಡ ನಾಡು ಕೇಳುವುದಕ್ಕೆ ಶತಮಾನಗಳ ಮುಂಚೆಯೇ ಕಲ್ಯಾಣದ ಅರಮನೆಯಲ್ಲಿ ಅದು ಬೇಯುತ್ತಿತ್ತು.

ಮರೆವು ಬಂದದ್ದು ಹೇಗೆ?

ಹಾಗಾದರೆ ಮಂಡಲಿಯ ಎಂಬ ಹೆಸರು ನಮ್ಮ ನೆನಪಿನಿಂದ ಜಾರಿದ್ದೇಕೆ? ಒಂದು ಕಾರಣ ಪುಸ್ತಕಗಳಲ್ಲಿದೆ. ಕನ್ನಡದ ಹಳೆಯ ಪಾಕಗ್ರಂಥಗಳೆಂದು ನಾವು ಹೆಮ್ಮೆಯಿಂದ ಎಣಿಸುವುದು 11ನೆಯ ಶತಮಾನದ ಚಾವುಂಡರಾಯನ 'ಲೋಕೋಪಕಾರ'ದ ಅಡುಗೆಯ ಅಧ್ಯಾಯವನ್ನು ಮತ್ತು 16ನೆಯ ಶತಮಾನದ ಮೂರನೆಯ ಮಂಗರಸನ 'ಸೂಪಶಾಸ್ತ್ರ'ವನ್ನು. ಕೆಳದಿಯ ಬಸವಪ್ಪ ನಾಯಕ 1700ರ ಸುಮಾರಿಗೆ ರಚಿಸಿದ ಸಂಸ್ಕೃತದ 'ಶಿವತತ್ತ್ವ ರತ್ನಾಕರ'ವೂ ಇದೇ ಸಾಲಿಗೆ ಸೇರುತ್ತದೆ. ಮಂಗರಸ ಜೈನ, ಬಸವಪ್ಪ ನಾಯಕ ವೀರಶೈವ. ಈ ಮೂರೂ ಸಸ್ಯಾಹಾರದ ಅಡುಗೆಯನ್ನು ಹೇಳುವಂಥವು. ಅವು ಬಹಳ ಒಳ್ಳೆಯ ಗ್ರಂಥಗಳು. ಆದರೆ ಅವು ಬರೆದವರ ಮನೆಯ ಅಡುಗೆಯ ದಾಖಲೆಗಳೇ ಹೊರತು ಇಡೀ ನಾಡಿನ ಅಡುಗೆಯ ಲೆಕ್ಕವಲ್ಲ.

ಇನ್ನೊಂದು ಕಾರಣವೂ ಇದೆ. ಸೋಮೇಶ್ವರನ ಕಾಲ ಮುಗಿದ ಎರಡು ಮೂರು ದಶಕಗಳಲ್ಲೇ ಅದೇ ಕಲ್ಯಾಣ ಬಸವಣ್ಣನವರ ಮತ್ತು ಶರಣರ ಕಲ್ಯಾಣವಾಯಿತು. ದಯೆಯನ್ನು ಧರ್ಮದ ಬುಡಕ್ಕೆ ತಂದ ಆ ಚಳವಳಿಯ ಬೆಳಕಿನಲ್ಲಿ ಹಳೆಯ ಅರಮನೆಯ ಮಾಂಸದ ತಟ್ಟೆ ಮರೆಯಾದದ್ದು ಆಶ್ಚರ್ಯವಲ್ಲ. ಹೀಗೆ, ತಿನ್ನುವವರು ಬರೆಯಲಿಲ್ಲ, ಬರೆದವರು ತಿನ್ನಲಿಲ್ಲ. ಕುರಿ, ಮೇಕೆ ಕೊಯ್ದಾಗ ತಲೆ, ಕಾಲು, ಕರುಳು, ಬೋಟಿಯನ್ನು ವ್ಯರ್ಥ ಮಾಡದೆ ಅಡುಗೆ ಮಾಡುವ ರೂಢಿ ನಮ್ಮ ಹಳ್ಳಿಗಳಲ್ಲಿ ಇಂದಿಗೂ ಇದೆ. ಅದಕ್ಕೆ ಪಾಕಶಾಸ್ತ್ರದ ಗೌರವ ಸಿಗಲಿಲ್ಲ, ಅಷ್ಟೇ.

ಸಾಸೇಜು ಮತ್ತೆ ಹೊರಗಿನಿಂದ ಬಂದದ್ದು ಎರಡು ದಾರಿಗಳಲ್ಲಿ. 1510ರಲ್ಲಿ ಗೋವೆಯನ್ನು ಹಿಡಿದ ಪೋರ್ಚುಗೀಸರ ಜೊತೆ ಅವರ ಶೊರಿಸೊ ಬಂತು. ಅಮೆರಿಕ ಖಂಡದಿಂದ ಬಂದ ಮೆಣಸಿನಕಾಯಿ, ಬೆಳ್ಳುಳ್ಳಿ, ವಿನಿಗರ್ ಸೇರಿ ಅದು ಗೋವೆಯ ಕೆಂಪು ಹಂದಿ ಸಾಸೇಜಾಗಿ, ಕಾರವಾರ ಬೆಳಗಾವಿಗಳ ಕಡೆಗೂ ಪರಿಚಯವಾಯಿತು. ಎರಡನೆಯ ದಾರಿ 1809ರಲ್ಲಿ ನೆಲೆಗೊಂಡ ಬೆಂಗಳೂರು ದಂಡಿನದು. ಸೈನಿಕರ ಮತ್ತು ಆಂಗ್ಲೋ ಇಂಡಿಯನ್ ಕುಟುಂಬಗಳ ಬೆಳಗಿನ ತಿಂಡಿಯಾಗಿ ಇಂಗ್ಲಿಷ್ ಸಾಸೇಜು ಅಲ್ಲಿ ನೆಲೆಯೂರಿತು. ಎರಡೂ ಮುಖ್ಯವಾಗಿ ಹಂದಿಮಾಂಸದವು. ಸಾಸೇಜು ಎಂದೊಡನೆ ಮುಸ್ಲಿಂ ಮನೆಗಳಲ್ಲಿ ಹುಬ್ಬು ಏರುತ್ತಿದ್ದುದು ಸಕಾರಣವಾಗಿಯೇ.

ಕಡ್ಡಿ ಚುಚ್ಚಿ ತಿನ್ನುವ ಪದ್ಧತಿ ಇನ್ನೂ ಈಚಿನದು. 1920ರಿಂದ 1933ರವರೆಗೆ ಅಮೆರಿಕದಲ್ಲಿ ಪಾನನಿಷೇಧವಿದ್ದಾಗ ಕುಡಿತ ಮನೆಯೊಳಗೆ ಸೇರಿತು. ನಿಂತುಕೊಂಡೇ, ಒಂದು ಕೈಯಲ್ಲಿ ಲೋಟ ಹಿಡಿದು ಇನ್ನೊಂದು ಕೈಯಲ್ಲಿ ತಿನ್ನಬಹುದಾದ ಒಂದು ತುತ್ತಿನ ತಿಂಡಿಗಳು ಹೆಚ್ಚಿದವು. ಮುಂದೆ ಸಣ್ಣ ಸಾಸೇಜುಗಳನ್ನು ದ್ರಾಕ್ಷಿಯ ಜೆಲ್ಲಿ ಮತ್ತು ಖಾರದ ಸಾಸಿನಲ್ಲಿ ಕುದಿಸಿ ಬಡಿಸುವುದು ಅಲ್ಲಿನ ಮನೆಗಳ ರೂಢಿಯಾಯಿತು. ಮದ್ಯದ ಜೊತೆ ಹುಟ್ಟಿದ ಈ 'ಕಾಕ್‌ಟೇಲ್' ತಿಂಡಿ ಇಂದು ರಾಜೀವನಗರದಂಥ ಕಡೆ ಶರಬತ್ತಿನ ಜೊತೆ ಬರುತ್ತಿರುವುದು ಚರಿತ್ರೆಯ ತಮಾಷೆಗಳಲ್ಲಿ ಒಂದು.

ಇದರೊಳಗೆ ಏನಿದೆ?

ಈಗ ಹಿರಿಯರ ಮೊದಲ ಪ್ರಶ್ನೆಗೆ ಬರೋಣ. ಅದು ಹೊಸ ಅನುಮಾನವೇನಲ್ಲ. ಒಳಗಿರುವುದು ಹೊರಗೆ ಕಾಣದ ತಿಂಡಿಯನ್ನು ಎಲ್ಲ ದೇಶಗಳವರೂ ಅನುಮಾನಿಸಿದ್ದಾರೆ. ಜರ್ಮನಿಯ ವುರ್ಟೆಂಬರ್ಗ್ ಪ್ರಾಂತದಲ್ಲಿ ಕೆಟ್ಟ ಸಾಸೇಜು ತಿಂದು ಜನ ಸಾಯುತ್ತಿದ್ದಾಗ, ಕವಿಯೂ ವೈದ್ಯನೂ ಆಗಿದ್ದ ಯುಸ್ಟಿನಸ್ ಕೆರ್ನರ್ 1820ರ ದಶಕದ ಆರಂಭದಲ್ಲಿ ಆ ವಿಷದ ಬಗ್ಗೆ ವಿವರವಾಗಿ ಬರೆದ. ಸಾಸೇಜಿಗೆ ಲ್ಯಾಟಿನ್ನಿನಲ್ಲಿ 'ಬೊಟುಲಸ್' ಎನ್ನುತ್ತಾರೆ. 'ಬೊಟುಲಿಸಂ' ಎಂಬ ರೋಗದ ಹೆಸರು ಬಂದದ್ದು ಅಲ್ಲಿಂದಲೇ. ಇಂದಿನ ಸಾಸೇಜಿಗೆ ಸೇರಿಸುವ ನೈಟ್ರೈಟ್ ಲವಣ ಆ ವಿಷದ ಸೂಕ್ಷ್ಮಾಣುಗಳನ್ನು ತಡೆಯುತ್ತದೆ. ಮಾಂಸಕ್ಕೆ ನಸುಗೆಂಪು ಬಣ್ಣವನ್ನೂ ಕೊಡುತ್ತದೆ.

ಮಾಂಸವನ್ನು ತಣ್ಣಗಿಟ್ಟು, ಉಪ್ಪು ಹಾಕಿ ಅರೆದಾಗ ಸ್ನಾಯುವಿನ ಮಯೋಸಿನ್ ಎಂಬ ಪ್ರೋಟೀನು ಕರಗಿ ಅಂಟಾಗುತ್ತದೆ. ಅದು ಕೊಬ್ಬನ್ನೂ ನೀರನ್ನೂ ಹಿಡಿದಿಟ್ಟುಕೊಂಡು, ಬೆಂದಾಗ ಗಟ್ಟಿಯಾಗುತ್ತದೆ. ಸೀಖ್ ಕಬಾಬಿನ ಖೀಮಾವನ್ನು ಉಪ್ಪು ಹಾಕಿ ಚೆನ್ನಾಗಿ ನಾದದಿದ್ದರೆ ಕಂಬಿಯಿಂದ ಜಾರಿ ಕೆಂಡಕ್ಕೆ ಬೀಳುತ್ತದೆಂದು ಪ್ರತಿ ಕಬಾಬಿನವನಿಗೂ ಗೊತ್ತು. ಸೀಖ್ ಕಬಾಬಿಗೆ ಕಂಬಿ ಮಾಡುವ ಕೆಲಸವನ್ನು ಸಾಸೇಜಿಗೆ ಹೊರಗಿನ ಚರ್ಮ ಮಾಡುತ್ತದೆ.

ತೊಡಕು ಇರುವುದೂ ಆ ಚರ್ಮದಲ್ಲೇ. ಒಳಗೆ ಕುರಿಯ ಮಾಂಸವಿದ್ದರೂ ಚೀಲ ಹಂದಿಯ ಕರುಳಿನದಾಗಿರಬಹುದು. 1925ರಲ್ಲಿ ಷಿಕಾಗೋದ ಎರ್ವಿನ್ ಫ್ರಾಯಿಂಡ್ ಸ್ಥಾಪಿಸಿದ ಕಂಪನಿ ಸಸ್ಯದ ನಾರಿನಿಂದ ಬರುವ ಸೆಲ್ಯುಲೋಸಿನ ಕೊಳವೆಗಳನ್ನು ಮಾರುಕಟ್ಟೆಗೆ ತಂದಿತು. ಅದರಲ್ಲಿ ತುಂಬಿ, ಬೇಯಿಸಿ, ನಂತರ ಕೊಳವೆಯನ್ನು ಸುಲಿದು ತೆಗೆದರೆ ಚರ್ಮವೇ ಇಲ್ಲದ ಸಾಸೇಜು ಸಿದ್ಧ. ಎರಡು ಸಾವಿರ ವರ್ಷ ಕರುಳಿಗೆ ಕಟ್ಟಿಬಿದ್ದಿದ್ದ ತಿಂಡಿಗೆ ಹೀಗೆ ಬಿಡುಗಡೆಯಾಯಿತು. ಕೋಳಿಮಾಂಸದ ಸಾಸೇಜು ಬಂದ ಮೇಲೆ ಹಂದಿ ತಿನ್ನದವರಿಗೂ ದನ ತಿನ್ನದವರಿಗೂ ಒಂದೇ ತಟ್ಟೆ ಸಾಧ್ಯವಾಯಿತು. ಆದರೂ ಪೊಟ್ಟಣದ ಮೇಲಿನ ಕಂದು ಗುರುತು ಇದು ಮಾಂಸಾಹಾರ ಎಂದಷ್ಟೇ ಹೇಳುತ್ತದೆ. ಯಾವ ಪ್ರಾಣಿ, ಹಲಾಲ್ ಹೌದೋ ಅಲ್ಲವೋ, ಹೊರಕವಚ ಯಾವುದರದು ಎಂದು ತಿಳಿಯಲು ಸಣ್ಣಕ್ಷರದ ಪಟ್ಟಿಯನ್ನೂ ಮುದ್ರೆಯನ್ನೂ ನೋಡಲೇಬೇಕು. ಅತಿಥಿ ಕೇಳುವ ಮುನ್ನವೇ ಅದನ್ನು ನೋಡಿಟ್ಟುಕೊಳ್ಳುವುದು ಆತಿಥ್ಯದ ಭಾಗ.

ಗೊಜ್ಜು ಮಾತ್ರ ನಮ್ಮದೇ

ಇನ್ನು ಸಿಹಿ-ಖಾರದ ಮಾತು. ಅಮೆರಿಕದವರು ಜೆಲ್ಲಿ ಹುಡುಕಿದಲ್ಲಿ ಮೈಸೂರಿನವರಿಗೆ ಹುಣಸೆ, ಬೆಲ್ಲ, ಮೆಣಸಿನಕಾಯಿ ಸಾಕು. ಅನಾನಸಿನ ಗೊಜ್ಜು, ಹಾಗಲಕಾಯಿ ಗೊಜ್ಜು ಮಾಡುವ ಊರಿಗೆ ಹುಳಿ, ಸಿಹಿ, ಖಾರಗಳನ್ನು ಒಂದೇ ಪಾತ್ರೆಯಲ್ಲಿ ಒಪ್ಪಿಸುವುದನ್ನು ಯಾರೂ ಕಲಿಸಬೇಕಾಗಿಲ್ಲ.

ಅರ್ಧ ಕಿಲೋ ಸಣ್ಣ ಕೋಳಿ ಸಾಸೇಜಿಗೆ ನಿಂಬೆಗಾತ್ರದ ಹುಣಸೆಯ ರಸ, ನಾಲ್ಕು ದೊಡ್ಡ ಚಮಚ ಬೆಲ್ಲ, ನೆನೆಸಿ ರುಬ್ಬಿದ ಏಳೆಂಟು ಬ್ಯಾಡಗಿ ಮೆಣಸಿನಕಾಯಿ, ಸಣ್ಣಗೆ ಹೆಚ್ಚಿದ ಒಂದು ಈರುಳ್ಳಿ, ನಾಲ್ಕೈದು ಎಸಳು ಬೆಳ್ಳುಳ್ಳಿ. ಬಣ್ಣ ಹೆಚ್ಚು, ಖಾರ ಕಡಿಮೆ ಇರುವ ಬ್ಯಾಡಗಿ ಇಲ್ಲಿಗೆ ಹೇಳಿಮಾಡಿಸಿದಂತಿದೆ. ಈರುಳ್ಳಿ, ಬೆಳ್ಳುಳ್ಳಿ ಬಾಡಿದ ಮೇಲೆ ಮೆಣಸಿನಕಾಯಿಯ ಮುದ್ದೆಯನ್ನು ಹಸಿವಾಸನೆ ಹೋಗುವವರೆಗೆ ಹುರಿದು, ಹುಣಸೆರಸ ಮತ್ತು ಬೆಲ್ಲ ಹಾಕಿ ಗೊಜ್ಜಿನ ಹದಕ್ಕೆ ಕುದಿಸಬೇಕು. ಸಾಸೇಜಿನಲ್ಲೇ ಉಪ್ಪು ಇರುವುದರಿಂದ ಗೊಜ್ಜಿಗೆ ಉಪ್ಪು ಕೊನೆಗೆ, ರುಚಿ ನೋಡಿ. ಸಾಸೇಜುಗಳನ್ನು ಬೇರೆಯಾಗಿ ಒಳಗಿನವರೆಗೂ ಬಿಸಿಯಾಗುವಂತೆ ಹುರಿದು ಕೊನೆಯ ಐದು ನಿಮಿಷ ಗೊಜ್ಜಿನಲ್ಲಿ ಹೊರಳಿಸಿದರೆ ಹೊರಮೈಗೆ ಹೊಳಪು ಬರುತ್ತದೆ. ಮೊದಲೇ ಹಾಕಿ ಕುದಿಸುತ್ತಾ ಕೂತರೆ ಸಾಸೇಜು ಬಿರಿದು ಸಪ್ಪೆಯಾಗುತ್ತದೆ.

ಇದು ಔತಣದ ತಿಂಡಿ, ದಿನದ ಊಟವಲ್ಲ ಎಂಬುದನ್ನು ಮರೆಯಬಾರದು. ಸಂಸ್ಕರಿಸಿದ ಮಾಂಸ ಕ್ಯಾನ್ಸರ್‌ಕಾರಕ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2015ರಲ್ಲಿ ವರ್ಗೀಕರಿಸಿದೆ. ದಿನವೂ 50 ಗ್ರಾಂ ತಿಂದರೆ ದೊಡ್ಡ ಕರುಳಿನ ಕ್ಯಾನ್ಸರಿನ ಸಂಭವ ಶೇ 18ರಷ್ಟು ಹೆಚ್ಚುತ್ತದೆಂಬುದು ಅದರ ಲೆಕ್ಕ. ಸೋಮೇಶ್ವರನ ತಟ್ಟೆಯಲ್ಲೂ ಮಂಡಲಿಯ ಹತ್ತಾರು ಭಕ್ಷ್ಯಗಳ ನಡುವಿನ ಒಂದೇ ಒಂದಾಗಿತ್ತು.

ಎಲ್ಲಿಯದು ಎಂದು ಕೇಳುವ ಹಿರಿಯರಿಗೆ ಹೇಳಬಹುದಾದ ಉತ್ತರ ಹೀಗಿದೆ: ಹೆಸರು ಲ್ಯಾಟಿನ್ನಿನ ಉಪ್ಪಿನಿಂದ ಬಂದದ್ದು, ಕಡ್ಡಿ ಅಮೆರಿಕದ ಬೈಠಕ್ಕಿನಿಂದ, ಕೋಳಿ ಪಕ್ಕದ ಅಂಗಡಿಯಿಂದ, ಗೊಜ್ಜು ಮೈಸೂರಿನ ಒಲೆಯಿಂದ. ಕರುಳಿಗೆ ಹೂರಣ ತುಂಬಿ ಸುಡುವ ವಿದ್ಯೆ ಮಾತ್ರ ಒಂಬೈನೂರು ವರ್ಷಗಳ ಹಿಂದೆಯೇ ಕಲ್ಯಾಣದ ಅಡುಗೆಯವರಿಗೆ ಗೊತ್ತಿತ್ತು. ಅಷ್ಟು ಕೇಳಿದ ಮೇಲೂ ತಿನ್ನುವುದು ಬಿಡುವುದು ಅವರವರ ಮನಸ್ಸಿಗೆ ಸೇರಿದ್ದು. ತಟ್ಟೆಯನ್ನು ಮುಂದೆ ಹಿಡಿಯುವವರು ಒಳಗೇನಿದೆಯೆಂದು ನಿಜ ಹೇಳಿದರೆ ಸಾಕು.