ಪಿಕಪ್ ವಾಹನದ ಲೀಫ್ ಸ್ಪ್ರಿಂಗ್ ಬದಲಾವಣೆ

ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಜೋಡಿಸಿದ ಕಟ್ಟೇ ಲೀಫ್ ಸ್ಪ್ರಿಂಗ್. ಗ್ಯಾರೇಜುಗಳಲ್ಲಿ ಇದು ಪ್ಲೇಟ್ ಸೆಟ್. ತುಮಕೂರಿನ ಅಂತರಸನಹಳ್ಳಿ ಮಾರುಕಟ್ಟೆಗೆ ಬರುವ, ಗುಬ್ಬಿಯ ತೆಂಗು, ಅಡಿಕೆ ಹೊರುವ, ಕುಣಿಗಲ್ ಬಳಿ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ಓಡುವ ಹಳೆಯ ಬೊಲೆರೊ ಪಿಕಪ್, ಟಾಟಾ 207ಗಳ ಹಿಂಬದಿಯ ಭಾರವೆಲ್ಲ ಇದರ ಮೇಲೆಯೇ.

ಓವರ್‌ಲೋಡ್, ತುಕ್ಕು, ಸೆಟ್ಟನ್ನು ಆಕ್ಸಲ್ಲಿಗೆ ಬಿಗಿಯುವ ಯು ಬೋಲ್ಟ್ ಸಡಿಲಗೊಳ್ಳುವುದು ಪ್ಲೇಟ್ ಮುರಿಯಲು ಮುಖ್ಯ ಕಾರಣಗಳು. ಬಿರುಕು ಹೆಚ್ಚಾಗಿ ಪಟ್ಟಿಗಳನ್ನು ಒಟ್ಟಿಗೆ ಹಿಡಿಯುವ ಸೆಂಟರ್ ಬೋಲ್ಟಿನ ತೂತಿನ ಬಳಿ ಹುಟ್ಟುತ್ತದೆ. ಗಾಡಿ ಒಂದು ಪಕ್ಕಕ್ಕೆ ವಾಲುವುದು ಮೊದಲ ಸೂಚನೆ. ಎಲ್ಲಕ್ಕಿಂತ ಉದ್ದದ ಮೈನ್ ಪ್ಲೇಟ್ ತುಂಡಾದರೆ ಆಕ್ಸಲ್ಲೇ ಜಾಗ ಬಿಟ್ಟು ಸರಿಯಬಹುದು. ಅಂಥ ಗಾಡಿಯನ್ನು ಓಡಿಸಲೇಬಾರದು.

ಸೆಟ್ ಬದಲಿಸಲು ಮೊದಲು ಲೋಡ್ ಇಳಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕಲ್ಲು ಕೊಟ್ಟು, ಚಾಸಿಯನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಬೇಕು. ಬರೀ ಜಾಕ್ ನಂಬಿ ಕೆಳಗೆ ನುಗ್ಗುವುದು ಪ್ರಾಣಕ್ಕೇ ಅಪಾಯ. ಆಕ್ಸಲ್ಲಿಗೆ ಬೇರೆ ಜಾಕ್ ಆಸರೆ ಕೊಟ್ಟು ಯು ಬೋಲ್ಟ್, ಒಂದು ತುದಿಯ ಶ್ಯಾಕಲ್ ಪಿನ್ನು, ಇನ್ನೊಂದು ತುದಿಯ ಪಿನ್ನು ಬಿಚ್ಚಿದರೆ ಸೆಟ್ ಹೊರಬರುತ್ತದೆ. ತುಕ್ಕು ಹಿಡಿದ ನಟ್ಟಿಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರೆ ಒಳ್ಳೆಯದು. ಹೊಸ ಸೆಟ್ ಕೂರಿಸುವಾಗ ಸೆಂಟರ್ ಬೋಲ್ಟಿನ ತಲೆ ಆಕ್ಸಲ್ ಸೀಟಿನ ಕುಳಿಯಲ್ಲಿ ಸರಿಯಾಗಿ ಇಳಿಯಬೇಕು. ಇಲ್ಲವಾದರೆ ಆಕ್ಸಲ್ ಓರೆಯಾಗಿ ಟೈರು ಬೇಗ ಸವೆಯುತ್ತದೆ. ಯು ಬೋಲ್ಟ್, ಬುಷ್ ಹೊಸದೇ ಹಾಕಬೇಕು. ರಬ್ಬರ್ ಬುಷ್ ಇದ್ದಲ್ಲಿ ಪಿನ್ನಿನ ಕೊನೆಯ ಬಿಗಿತ ಚಕ್ರಗಳು ನೆಲಕ್ಕೆ ತಾಗಿದ ಮೇಲೆ.

ಮುರಿದ ಪ್ಲೇಟಿಗೆ ವೆಲ್ಡಿಂಗ್ ಸಲ್ಲದು: ಕಾವಿಗೆ ಉಕ್ಕಿನ ಹದ ಕೆಡುತ್ತದೆ. ಹಳೆಯ ಗಾಡಿಯಲ್ಲಿ ಎರಡೂ ಪಕ್ಕದ ಸೆಟ್ ಒಟ್ಟಿಗೆ ಬದಲಿಸುವುದೇ ಸರಿ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಯು ಬೋಲ್ಟ್‌ಗಳನ್ನು ಮತ್ತೊಮ್ಮೆ ಬಿಗಿ ಮಾಡಬೇಕು.