ಹದಿನೈದು ವರ್ಷದ ಬಾಂಬೆ, ಐದು ತಿಂಗಳ ಕರ್ನಾಟಕ

1973ರ ನವೆಂಬರ್ 1ರಂದು ಮೈಸೂರು ರಾಜ್ಯದ ಹೆಸರು ಕರ್ನಾಟಕವಾಯಿತು. ಐದು ತಿಂಗಳು ತುಂಬುವ ಮೊದಲೇ, 1974ರ ಮಾರ್ಚಿನಲ್ಲಿ, ಆ ಹೆಸರಿನ ಕ್ರಿಕೆಟ್ ತಂಡ ಜೈಪುರದಲ್ಲಿ ರಾಜಸ್ಥಾನವನ್ನು 185 ರನ್‌ಗಳಿಂದ ಸೋಲಿಸಿ ರಣಜಿ ಟ್ರೋಫಿ ಗೆದ್ದಿತು. ಮೈಸೂರು ಎಂಬ ಹೆಸರಿನಲ್ಲಿ ಸುಮಾರು ನಲವತ್ತು ವರ್ಷ ಆಡಿದರೂ ಕೈಗೆ ಸಿಗದಿದ್ದ ಟ್ರೋಫಿ, ಹೊಸ ಹೆಸರಿನ ಮೊದಲ ವರ್ಷವೇ ಮನೆಗೆ ಬಂತು.

ನಾನು ಗದಗಿನ ಕಡೆಯವನು. ಹೊಟ್ಟೆಪಾಡಿಗೆಂದು ಪುಣೆಗೆ ಬಂದು ಬಿಬವೇವಾಡಿಯಲ್ಲಿ ನೆಲೆಸಿದ್ದೇನೆ. ನಮ್ಮ ಮನೆಯಿಂದ ಸ್ವಾರಗೇಟ್ ದೂರವೇನಲ್ಲ. ಊರಿನ ಬಸ್ಸು ಹತ್ತುವುದು ಅಲ್ಲಿ. ನೆಹರೂ ಸ್ಟೇಡಿಯಂ ಇರುವುದೂ ಅಲ್ಲಿಯೇ. 1996ರ ವಿಶ್ವಕಪ್‌ನಲ್ಲಿ ಕೀನ್ಯಾ ವೆಸ್ಟ್ ಇಂಡೀಸನ್ನು ಮಣಿಸಿದ ಮೈದಾನವದು. ಗಹುಂಜೆಯಲ್ಲಿ ಹೊಸ ಸ್ಟೇಡಿಯಂ ಆಗುವವರೆಗೆ ಮಹಾರಾಷ್ಟ್ರ ತಂಡಕ್ಕೆ ತವರುಮನೆಯಂತಿತ್ತು. ಅದರ ಮುಂದೆ ದಿನವೂ ಓಡಾಡುವ ನನ್ನಂಥವನು ಬೇರೆ ರಾಜ್ಯದ ತಂಡಕ್ಕೆ ಯಾಕೆ ಅಂಟಿಕೊಂಡಿರಬೇಕು? ಈ ಪ್ರಶ್ನೆಯ ಬೆನ್ನು ಹತ್ತಿದರೆ 1974ಕ್ಕೇ ಹೋಗಬೇಕಾಗುತ್ತದೆ.

ರಣಜಿಯ ಮೊಟ್ಟಮೊದಲ ಪಂದ್ಯ ಆಡಿದ ತಂಡಗಳಲ್ಲಿ ಮೈಸೂರೂ ಒಂದು. 1934ರ ನವೆಂಬರ್ 4ರಂದು ಚೆಪಾಕ್‌ನಲ್ಲಿ ಮದ್ರಾಸಿನ ಎದುರು ಆಡಿ, ಒಂದೇ ದಿನದಲ್ಲಿ ಸೋತಿತು. 1941–42 ಮತ್ತು 1959–60ರಲ್ಲಿ ಫೈನಲ್ ತಲುಪಿದಾಗ ಎರಡೂ ಸಲ ಬಾಂಬೆ ಅಡ್ಡ ಬಂತು. 1958–59ರಿಂದ 1972–73ರವರೆಗೆ ಸತತ ಹದಿನೈದು ವರ್ಷ ಟ್ರೋಫಿ ಬಾಂಬೆಯದ್ದೇ. ಅಷ್ಟರಲ್ಲಿ ಹುಟ್ಟಿದ ಮಕ್ಕಳು ಹೈಸ್ಕೂಲಿಗೆ ಬಂದಿದ್ದರು. ಬಾಂಬೆ ಬಿಟ್ಟು ಬೇರೆ ಚಾಂಪಿಯನ್ನನ್ನು ಅವರು ಕಂಡೇ ಇರಲಿಲ್ಲ.

ಹಾಗಾಗಿ ಜೈಪುರದ ಫೈನಲ್ಲಿಗಿಂತ ಜನ ನೆನಪಿಟ್ಟುಕೊಂಡದ್ದು ಅದಕ್ಕೂ ಮುಂಚೆ ಬೆಂಗಳೂರಿನಲ್ಲಿ ಬಾಂಬೆ ಎದುರು ನಡೆದ ಸೆಮಿಫೈನಲ್ಲನ್ನು. ಎದುರಾಳಿ ತಂಡದಲ್ಲಿ ಆಗಿನ ಭಾರತದ ನಾಯಕ ವಾಡೇಕರ್ ಇದ್ದರು, ಗವಾಸ್ಕರ್, ಅಶೋಕ್ ಮಂಕಡ್, ಶಿವಾಲ್ಕರ್ ಇದ್ದರು. ನಮ್ಮ ನಾಯಕ ಎರಪಳ್ಳಿ ಪ್ರಸನ್ನ. ಟೆಸ್ಟ್ ಆಡಲು ಶುರುಮಾಡಿದ ಮೇಲೂ ಎಂಜಿನಿಯರಿಂಗ್ ಓದು ಮುಗಿಸಲೆಂದು ಸುಮಾರು ಐದು ವರ್ಷ ಭಾರತ ತಂಡದಿಂದ ದೂರ ಉಳಿದಿದ್ದವರು. ಜತೆಗೆ ಪೋಲಿಯೊ ತಗುಲಿದ ಕೈಯಲ್ಲೇ ಲೆಗ್ ಸ್ಪಿನ್ ಹಾಕುತ್ತಿದ್ದ ಚಂದ್ರಶೇಖರ್, ವಿಕೆಟ್ ಹಿಂದೆ ಕಿರ್ಮಾನಿ, ಭದ್ರಾವತಿಯ ಜಿ. ಆರ್. ವಿಶ್ವನಾಥ್.

ವಿಶ್ವನಾಥ್ ಎದುರಿಸಿದ ಮೊದಲ ಎಸೆತಕ್ಕೇ ಎಲ್‌ಬಿಡಬ್ಲ್ಯು ಆಗಿದ್ದರು, ಅಂಪೈರ್ ಕೈ ಎತ್ತಲಿಲ್ಲ ಎಂದು ಅಂದು ಮೈದಾನದಲ್ಲಿದ್ದವರು ಈಗಲೂ ನಗುತ್ತಾ ಹೇಳುತ್ತಾರೆ. ಉಳಿದುಕೊಂಡವರು 162 ಹೊಡೆದರು. ಬ್ರಿಜೇಶ್ ಪಟೇಲ್ ಕೂಡ ಶತಕ ಬಾರಿಸಿದರು. ಕರ್ನಾಟಕದ ಮೊತ್ತ 385. ಬಾಂಬೆಯ ಸರದಿಯಲ್ಲಿ ಪ್ರಸನ್ನ ಗವಾಸ್ಕರ್ ಅವರನ್ನು ಬೋಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ಓಡುವಾಗ ಕಾಲು ಜಾರಿ ರನೌಟ್ ಆದರು. 307ಕ್ಕೆ ಬಾಂಬೆ ಮುಗಿಯಿತು. 78 ರನ್ನಿನ ಮೊದಲ ಇನಿಂಗ್ಸ್ ಮುನ್ನಡೆ ಹದಿನೈದು ವರ್ಷದ ದರ್ಬಾರನ್ನು ಇಳಿಸಿತು.

ಇದು ಬೆಂಗಳೂರಿನ ಕತೆ. ಗದಗಿನಲ್ಲಿ ಅದು ಹೇಗೆ ಕೇಳಿಸಿತು ಎಂಬುದನ್ನು ನಾನು ದೊಡ್ಡಪ್ಪನ ಬಾಯಲ್ಲಿ ಕೇಳಿದ್ದೇನೆ. ಆ ತಂಡದ ಹೆಚ್ಚಿನ ಆಟಗಾರರು ಬೆಂಗಳೂರು, ಮೈಸೂರು ಕಡೆಯವರು. ನಮ್ಮ ಭಾಗ 1956ರಲ್ಲಷ್ಟೇ ಬಂದು ಕೂಡಿಕೊಂಡದ್ದು. ಕೂಡಿದ ಮೇಲೂ ಹದಿನೇಳು ವರ್ಷ ರಾಜ್ಯದ ಹೆಸರು ಮೈಸೂರೇ ಆಗಿತ್ತು. ದೊಡ್ಡಪ್ಪ ಹೇಳುತ್ತಿದ್ದರು: “ಮೈಸೂರು ಗೆದ್ದಿದ್ರ ಅವರು ಗೆದ್ದ್ರು ಅಂತಿದ್ವಿ. ಕರ್ನಾಟಕ ಗೆದ್ದಿತಲ್ಲ, ಅದಕ್ಕ ನಾವು ಗೆದ್ವಿ ಅಂದ್ವಿ.”

ಈ ಮಾತನ್ನು ನಾನು ಬಹಳ ಸಲ ಮೆಲುಕು ಹಾಕಿದ್ದೇನೆ. ವಿಧಾನಸಭೆ ಒಂದು ಹೆಸರನ್ನು ಕೊಡಬಹುದು. ಆದರೆ ಆ ಹೆಸರಿಗಾಗಿ ರೇಡಿಯೋದ ಮುಂದೆ ಉಸಿರು ಬಿಗಿಹಿಡಿದು ಕೂರುವುದನ್ನು ಯಾವ ಮಸೂದೆಯೂ ಕಲಿಸಲಾರದು. ಅದನ್ನು ಕಲಿಸಿದ್ದು ಪ್ರಸನ್ನ, ಚಂದ್ರ, ವಿಶಿ. ಜನ ಪೂರ್ತಿ ಒಂದಾಗುವ ಮುಂಚೆ ತಂಡ ಕರ್ನಾಟಕವಾಗಿತ್ತು.

ಅಭಿಮಾನ ನಿಷ್ಠೆಯಾಗುವುದು ಸೋತಾಗ. 1981–82ರ ಸೆಮಿಫೈನಲ್‌ನಲ್ಲಿ ಪುತ್ತೂರಿನ ರಘುರಾಮ ಭಟ್ ಬೆಂಗಳೂರಿನಲ್ಲಿ ಬಾಂಬೆಯ ಎಂಟು ವಿಕೆಟ್ ಕಿತ್ತರು. ಎರಡನೇ ಸರದಿಯಲ್ಲಿ ಅವರ ತಿರುವನ್ನು ತಾಳಲಾರದೆ ಗವಾಸ್ಕರ್ ಎಡಗೈ ಬ್ಯಾಟ್ಸ್‌ಮನ್ ಆಗಿ ನಿಂತರು. ಆ ಸಂಭ್ರಮದಲ್ಲಿ ದೆಹಲಿಗೆ ಹೋದ ಕರ್ನಾಟಕ, ಫೈನಲ್‌ನಲ್ಲಿ 705 ರನ್ ಗುಡ್ಡೆ ಹಾಕಿತು. ದೆಹಲಿ ಎಂಟು ವಿಕೆಟ್ಟಿಗೆ 707 ಹೊಡೆದು ಟ್ರೋಫಿ ಒಯ್ದಿತು. 2010ರ ಜನವರಿಯಲ್ಲಿ ಮೈಸೂರಿನ ಗಂಗೋತ್ರಿ ಮೈದಾನದಲ್ಲಿ ಮತ್ತೆ ಮುಂಬೈ. ಗೆಲ್ಲಲು 338 ಬೇಕು, ಮನೀಶ್ ಪಾಂಡೆ 144 ಹೊಡೆದರು, ಸುತ್ತಲಿನ ಮರಗಳ ಮೇಲೂ ಜನ. ಸೋಲು ಆರೇ ಆರು ರನ್ನಿನಿಂದ. ಆಗ ಅತ್ತವರು ಯಾರೂ ಮುಂದಿನ ವರ್ಷ ತಂಡ ಬದಲಿಸಲಿಲ್ಲ.

ನಡುವೆ ನಮ್ಮ ಊರಿಗೂ ಒಂದು ಪಾಲು ಸಿಕ್ಕಿತು. ಬೆಳಗಿನ ಜಾವ ಗದಗಿನಿಂದ ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮರಳುತ್ತಿದ್ದ ಹುಡುಗ ಸುನೀಲ್ ಜೋಶಿ, 1995–96ರ ಒಂದೇ ಹಂಗಾಮಿನಲ್ಲಿ 500 ರನ್ ಮತ್ತು 50 ವಿಕೆಟ್ ದಾಟಿದರು. ಆ ವರ್ಷ ಕರ್ನಾಟಕ ತಮಿಳುನಾಡನ್ನು ಹಿಂದಿಕ್ಕಿ ಚಾಂಪಿಯನ್ ಆಯಿತು. 1974ರಲ್ಲಿ ಹೆಸರಿನ ನಂಟಿನಿಂದ “ನಾವು ಗೆದ್ವಿ” ಅಂದಿದ್ದ ದೊಡ್ಡಪ್ಪ, ಈ ಸಲ ತೋರಿಸಲು ಒಬ್ಬ ಹುಡುಗನನ್ನೂ ಪಡೆದರು.

ಪುಣೆಯಲ್ಲಿ ನನ್ನ ನಿಷ್ಠೆಗೆ ನಿಜವಾದ ಪರೀಕ್ಷೆ ಬಂದದ್ದು 2014ರಲ್ಲಿ. ಮಹಾರಾಷ್ಟ್ರ ಆ ವರ್ಷ ಮುಂಬೈಯನ್ನು ವಾಂಖೆಡೆಯಲ್ಲೇ ಸೋಲಿಸಿ, ಇಪ್ಪತ್ತೊಂದು ವರ್ಷಗಳ ಮೇಲೆ ಫೈನಲ್ ತಲುಪಿತ್ತು. ಅದರ ಎರಡೂ ಟ್ರೋಫಿಗಳು 1939–40 ಮತ್ತು 1940–41ರವು. ಹೈದರಾಬಾದಿನ ಫೈನಲ್ಲಿನಲ್ಲಿ ಎದುರಾಳಿ ಕರ್ನಾಟಕ. ನಮ್ಮ ಕೆಳಗಿನ ಮನೆಯ ಕಾಕಾ ಕೇದಾರ್ ಜಾಧವ್ ಅವರ ಹೆಸರು ಹೇಳಿಕೊಂಡೇ ಎದ್ದು ಮಲಗುತ್ತಿದ್ದ ಕಾಲ. ರಾಹುಲ್ ಮತ್ತು ಗಣೇಶ್ ಸತೀಶ್ ಶತಕ ಹೊಡೆದು, ಮಹಾರಾಷ್ಟ್ರದ 305ಕ್ಕೆ ಕರ್ನಾಟಕ 515 ಪೇರಿಸಿದಾಗ ಕಾಕಾ ಮೆಟ್ಟಿಲಲ್ಲಿ ಸಿಕ್ಕರೂ ಮಾತಾಡಲಿಲ್ಲ. ಏಳು ವಿಕೆಟ್ಟಿನಿಂದ ಗೆದ್ದ ಸಂಜೆ ತಾವೇ ಮೇಲೆ ಬಂದು, “ತುಮ್ಚೆ ಲೋಕ ಜಿಂಕಲೇ” ಎಂದು ಕೈ ಕುಲುಕಿದರು. ನಿಮ್ಮವರು ಗೆದ್ದರು. ದೊಡ್ಡಪ್ಪ ಮೈಸೂರಿನ ಬಗ್ಗೆ ಹೇಳುತ್ತಿದ್ದ ಮಾತೇ ಅದು. ಆದರೆ ಕಾಕಾ ಹೇಳಿದಾಗ ಅದರಲ್ಲಿ ಹೊಟ್ಟೆಕಿಚ್ಚು ಇರಲಿಲ್ಲ.

ಈ ಎರಡು ನೆಲಗಳ ಜಿದ್ದಿನಲ್ಲಿ ನೆಂಟಸ್ತನವೂ ಬೆರೆತಿದೆ. ವಿಶ್ವನಾಥ್ ಮದುವೆಯಾದದ್ದು ಗವಾಸ್ಕರ್ ಅವರ ಸೋದರಿಯನ್ನು. ಕರ್ನಾಟಕದ ಅತಿ ದೊಡ್ಡ ಬ್ಯಾಟ್ಸ್‌ಮನ್ ರಾಹುಲ್ ದ್ರಾವಿಡ್ ಅವರ ಮನೆಮಾತು ಮರಾಠಿ. ಬೆಂಗಳೂರಿನಲ್ಲಿ ಬೆಳೆದರು, ಕರ್ನಾಟಕಕ್ಕೆ ಆಡಿದರು.

ಇದನ್ನು ನಾನು ಬೇಕೆಂದೇ ನೆನೆಯುತ್ತೇನೆ. ಪುಣೆಯಲ್ಲೇ ಹುಟ್ಟಿದ ನನ್ನ ಮಗಳಿಗೆ ಋತುರಾಜ್ ಗಾಯಕ್ವಾಡ್ ಎಂದರೆ ಜೀವ. ಬಾಂಬೆಯ ದರ್ಬಾರು, 78 ರನ್ನಿನ ಮುನ್ನಡೆ, ಎಲ್ಲ ಹೇಳಿದ್ದೇನೆ. ಕಣ್ಣರಳಿಸಿ ಕೇಳಿದಳು, ಆಮೇಲೆ “ಅಪ್ಪಾ, ನಮ್ಮ ಮ್ಯಾಚ್ ಯಾವಾಗ?” ಅಂದಳು. ಅವಳ “ನಮ್ಮ” ಮಹಾರಾಷ್ಟ್ರ. ಮೊದಲು ಚುರುಕ್ಕೆಂದಿತು. ಒಂದು ಹೆಸರು “ಅವರು” ಆಗಿದ್ದದ್ದು “ನಾವು” ಆಗಲು ಒಂದು ಹಂಗಾಮು ಸಾಕು ಎಂದು ನಮ್ಮ ಮನೆತನಕ್ಕೆ ಗೊತ್ತು. ಅವಳಿಗೆ ಆ ಹಂಗಾಮು ಸ್ವಾರಗೇಟಿನ ಈಚೆಗೆ ಬಂದಿದೆ, ಅಷ್ಟೇ.

ಕರ್ನಾಟಕ ಎಂಟು ಸಲ ರಣಜಿ ಗೆದ್ದಿದೆ. ಈಗ ರಣಜಿ ಪಂದ್ಯಗಳಿಗೆ ಜನ ಸೇರುವುದು ಅಪರೂಪ. ಆಫೀಸಿನ ನಡುವೆ ಮೊಬೈಲಿನಲ್ಲಿ ಸ್ಕೋರು ನೋಡುವ ನನ್ನಂಥ ದೂರದ ಕನ್ನಡಿಗರೇ ಅದರ ಗ್ಯಾಲರಿ. ಈ ವರ್ಷವೂ ವೇಳಾಪಟ್ಟಿ ಬರುತ್ತಲೇ ನಾನು ಮೊದಲು ನೋಡುವುದು ಒಂದೇ: ಮಹಾರಾಷ್ಟ್ರದ ಎದುರು ಪಂದ್ಯವಿದೆಯೇ? ಇದ್ದರೆ, ಅದು ಗಹುಂಜೆಯಲ್ಲಿದ್ದರೆ, ಎರಡು ಕಡೆಯ ಅಭಿಮಾನಿಗಳು ಒಂದೇ ಸ್ಕೂಟರಿನಲ್ಲಿ ಹೋಗಲಿದ್ದೇವೆ.